ವ್ಯಸನವೆಂಬ ಮಾತಿಗೆ ಎರಡು ಅರ್ಥ

ಹೈಸ್ಕೂಲಿನ ಕನ್ನಡ ಪಂಡಿತನಿಗೂ ಮಾದಕವಸ್ತುಗಳ ಕಾನೂನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಾನು ವೈದ್ಯನಲ್ಲ, ವಕೀಲನೂ ಅಲ್ಲ. ಮಾತುಗಳ ಅರ್ಥ ಹೇಳುವುದು ನನ್ನ ಕಸುಬು. ಆದರೆ ಒಂದು ಮಾತಿನ ಅರ್ಥವನ್ನು ನಾನೇ ಅರ್ಧ ಮಾತ್ರ ತಿಳಿದುಕೊಂಡಿದ್ದೆನೆಂಬುದು ತಡವಾಗಿ ನನಗೆ ಅರಿವಾಯಿತು. ಆ ಮಾತು ‘ವ್ಯಸನ’.

ಸಂಸ್ಕೃತದ ಈ ಶಬ್ದ ಹಳಗನ್ನಡದಲ್ಲಿ ‘ಬಸನ’ ಎಂಬ ತದ್ಭವವಾಗಿ ನಮ್ಮದೇ ಆಗಿಹೋಯಿತು. ಇದಕ್ಕೆ ಎರಡು ಅರ್ಥಗಳುಂಟು. ಕುಡಿತ, ಜೂಜು ಮೊದಲಾದವುಗಳಿಗೆ ಅಂಟಿಕೊಳ್ಳುವುದು ಒಂದು ಅರ್ಥ. ದುಃಖ, ಆಪತ್ತು ಎಂಬುದು ಇನ್ನೊಂದು. ಮನೆಯಲ್ಲಿ ಸಾವುನೋವಾದಾಗ ಹಿರಿಯರು ‘ವ್ಯಸನಪಡಬೇಡಿ’ ಎಂದು ಸಮಾಧಾನ ಹೇಳುವುದು ಈ ಎರಡನೆಯ ಅರ್ಥದಲ್ಲಿ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ವ್ಯಸನಗಳಿಗಾಗಿಯೇ ಒಂದು ಅಧಿಕರಣವನ್ನು ಮೀಸಲಿಟ್ಟು, ಮನುಷ್ಯನನ್ನು ಅವನ ಶ್ರೇಯಸ್ಸಿನಿಂದ ದೂರಕ್ಕೆ ಎಸೆಯುವಂಥದು ವ್ಯಸನವೆಂದು ವಿವರಿಸುತ್ತಾನೆ. ಅದೇ ಕೌಟಿಲ್ಯ ಮದ್ಯದ ಮೇಲ್ವಿಚಾರಣೆಗೆ ಸುರಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಯಾರಿಗೆ ಮಾರಬೇಕು, ಎಷ್ಟು ಮಾರಬೇಕು ಎಂದು ಕಟ್ಟಳೆಯನ್ನೂ ಮಾಡಿದನು. ಕೆಡಕನ್ನು ಕೆಡಕೆಂದು ಹೇಳುವುದು ಬೇರೆ, ಅದರಿಂದಾಗುವ ಹಾನಿಯನ್ನು ಅಳತೆಯಲ್ಲಿಡುವುದು ಬೇರೆ ಎಂಬ ವಿವೇಕ ನಮ್ಮ ನಾಡಿಗೆ ಹೊಸದಲ್ಲ.

ಇಷ್ಟೆಲ್ಲ ಓದಿಕೊಂಡಿದ್ದ ನಾನು ಮಾಡಿದ ತಪ್ಪನ್ನು ಈಗ ಹೇಳುತ್ತೇನೆ. ಹನ್ನೆರಡು ವರ್ಷಗಳ ಹಿಂದಿನ ಮಾತು. ನಮ್ಮ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪದ್ಯವನ್ನು ರಾಗವಾಗಿ ಓದುತ್ತಿದ್ದ. ಒಂದು ದಿನ ಅವನ ಚೀಲದಲ್ಲಿ ನೋವುನಿವಾರಕ ಮಾತ್ರೆಗಳ ಪಟ್ಟಿಯೂ ಒಂದು ಸಿರಿಂಜೂ ಸಿಕ್ಕವು. ಉಪಾಧ್ಯಾಯರ ಸಭೆ ಸೇರಿತು. ಹಿರಿಯನೆಂದು ನನ್ನ ಅಭಿಪ್ರಾಯ ಕೇಳಿದರು. ‘ಒಂದು ಕೊಳೆತ ಹಣ್ಣು ಬುಟ್ಟಿಯನ್ನೆಲ್ಲ ಕೆಡಿಸುತ್ತದೆ’ ಎಂದೆ. ಎಲ್ಲರೂ ತಲೆದೂಗಿದರು. ಸಂಜೆಯೊಳಗೆ ಹುಡುಗನ ಕೈಗೆ ವರ್ಗಾವಣೆ ಪತ್ರ ಸೇರಿತು. ಅವನ ತಾಯಿ ಕಂಬಕ್ಕೆ ಒರಗಿ ನಿಂತಿದ್ದರು. ‘ಮುಂದೆ ಎಲ್ಲಿಗೆ ಕರಕೊಂಡು ಹೋಗಲಿ ಸ್ವಾಮಿ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕೊಂದು ಉತ್ತರವಿದೆಯೆಂಬುದೂ ನನಗೆ ಗೊತ್ತಿರಲಿಲ್ಲ.

ಆ ಉತ್ತರ ನಮ್ಮ ಕಾನೂನಿನಲ್ಲಿಯೇ ಇತ್ತು. ಮಾದಕ ದ್ರವ್ಯಗಳು ಮತ್ತು ಮನೋಉದ್ರೇಕಕ ವಸ್ತುಗಳ ಅಧಿನಿಯಮ ೧೯೮೫ರದು. ಅದು ಕಠಿಣವಾದ ಕಾನೂನೆಂಬುದೇನೋ ನಿಜ. ದೊಡ್ಡ ಪ್ರಮಾಣದ ವ್ಯಾಪಾರಕ್ಕೆ ಹತ್ತು ವರ್ಷಗಳಿಗೆ ಕಡಮೆಯಿಲ್ಲದ ಸೆರೆವಾಸವನ್ನು ಅದು ವಿಧಿಸುತ್ತದೆ. ಸೇವಿಸುವವನಿಗೂ ಅದರಲ್ಲಿ ಶಿಕ್ಷೆಯುಂಟು. ಆದರೆ ೨೦೦೧ರ ತಿದ್ದುಪಡಿ ವ್ಯಾಪಾರದ ಪ್ರಮಾಣವನ್ನೂ ಅಲ್ಪ ಪ್ರಮಾಣವನ್ನೂ ಬೇರ್ಪಡಿಸಿ, ಶಿಕ್ಷೆಯನ್ನು ಅದಕ್ಕೆ ತಕ್ಕಂತೆ ಏರಿಳಿಸಿತು. ಹೆರಾಯಿನ್ನಿನಲ್ಲಿ ೫ ಗ್ರಾಮಿನವರೆಗೆ ಅಲ್ಪ, ೨೫೦ ಗ್ರಾಮನ್ನು ಮೀರಿದರೆ ವ್ಯಾಪಾರ. ಇದಕ್ಕಿಂತ ಮುಖ್ಯವಾದದ್ದು ಅರವತ್ತನಾಲ್ಕು-ಎ ಎಂಬ ಪ್ರಕರಣ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆಪಾದನೆಗೆ ಒಳಗಾದ ವ್ಯಸನಿಯು ತಾನಾಗಿಯೇ ಮುಂದೆ ಬಂದು, ಸರಕಾರದ ಅಥವಾ ಸರಕಾರ ಮಾನ್ಯಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯಕೂಡದು. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಈ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ಅಂದರೆ ಶಾಸನ ಮಾಡಿದವರು ಸೆರೆಮನೆಯ ಬಾಗಿಲ ಪಕ್ಕದಲ್ಲೇ ಆಸ್ಪತ್ರೆಯ ಬಾಗಿಲನ್ನೂ ಇಟ್ಟಿದ್ದಾರೆ. ಆ ಬಾಗಿಲಿದೆಯೆಂದು ಜನರಿಗೆ ಹೇಳುವವರು ಕಡಮೆ.

‘ಮನಸ್ಸು ಗಟ್ಟಿಮಾಡಿ ಬಿಟ್ಟರಾಯಿತಲ್ಲ, ಆಸ್ಪತ್ರೆ ಏಕೆ?’ ಎಂಬ ಮಾತನ್ನು ನಾನೂ ಆಡಿದವನೇ. ಅಫೀಮಿನ ಜಾತಿಯ ವಸ್ತುಗಳು ದೇಹವನ್ನು ಹಿಡಿದ ಮೇಲೆ ಮನಸ್ಸೊಂದೇ ಸಾಲದು. ಹೆರಾಯಿನ್ನಿಗೆ ಒಗ್ಗಿದವನಿಗೆ ಅದು ತಪ್ಪಿದ ಎಂಟು ಹತ್ತು ಗಂಟೆಗಳಲ್ಲೇ ಕಣ್ಣುಮೂಗು ಸುರಿಯುತ್ತವೆ, ಮೈಯೆಲ್ಲ ಮುರಿದಂತಾಗುತ್ತದೆ, ಹೊಟ್ಟೆ ಕೆಡುತ್ತದೆ, ನಿದ್ರೆ ಹತ್ತಿರ ಸುಳಿಯುವುದಿಲ್ಲ. ಆಗ ಅವನು ಹುಡುಕುವುದು ಸುಖವನ್ನಲ್ಲ, ಆ ಯಾತನೆಯಿಂದ ಬಿಡುಗಡೆಯನ್ನು. ‘ವ್ಯಸನ’ದ ಎರಡನೆಯ ಅರ್ಥವನ್ನು ನೆನೆಯಬೇಕಾದದ್ದು ಇಲ್ಲಿ.

ಬರಿಯ ದಂಡನೆಯನ್ನು ನೆಚ್ಚಿದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ ಮಣಿಪುರವೇ ಸಾಕ್ಷಿ. ಮ್ಯಾನ್ಮಾರಿನ ಗಡಿಗೆ ತಾಗಿದ ಆ ಸಣ್ಣ ರಾಜ್ಯಕ್ಕೆ ೧೯೮೦ರ ದಶಕದಲ್ಲಿ ಹೆರಾಯಿನ್ ಹರಿದುಬಂದಿತು. ತರುಣರು ಅದನ್ನು ಚುಚ್ಚಿಕೊಳ್ಳತೊಡಗಿದರು. ಪೊಲೀಸರ ಭಯಕ್ಕೆ ಯಾರೂ ಸೂಜಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಮರೆಯಲ್ಲಿ ಸೇರಿ ಒಂದೇ ಸೂಜಿಯನ್ನು ಹಲವರು ಹಂಚಿಕೊಳ್ಳುತ್ತಿದ್ದರು. ಹೀಗಿರಲು, ೧೯೮೯ರ ಕೊನೆಯಲ್ಲಿ ಅವರಲ್ಲಿ ಎಚ್.ಐ.ವಿ. ಕಾಣಿಸಿತು. ಆರು ತಿಂಗಳು ಕಳೆಯುವುದರೊಳಗೆ, ಚುಚ್ಚಿಕೊಳ್ಳುವವರಲ್ಲಿ ಪರೀಕ್ಷೆ ಮಾಡಿಸಿಕೊಂಡ ಅರ್ಧದಷ್ಟು ಮಂದಿಗೆ ಸೋಂಕು ತಗಲಿತ್ತು. ಅವರಿಂದ ಹೆಂಡಂದಿರಿಗೆ, ಹೆಂಡಂದಿರಿಂದ ಹಸುಗೂಸುಗಳಿಗೆ ಅದು ಹಬ್ಬಿತು. ಏನೊಂದೂ ಅರಿಯದ ಆ ಕೂಸುಗಳು ಯಾವ ಕಾನೂನನ್ನು ಮುರಿದಿದ್ದವು?

ಆ ರಾಜ್ಯ ೧೯೯೬ರಲ್ಲಿ ಬೇರೆ ದಾರಿ ಹಿಡಿಯಿತು. ತನ್ನ ಏಡ್ಸ್ ನೀತಿಯಲ್ಲಿ ಹಾನಿ ತಗ್ಗಿಸುವ ಕ್ರಮಕ್ಕೆ ಸ್ಥಾನ ಕೊಟ್ಟಿತು. ಬಿಡುವವನಿಗೆ ಬಿಡಲು ಸಹಾಯ, ಇನ್ನೂ ಬಿಡಲಾರದವನಿಗೆ ಸಾಯದಂತೆ ಸಹಾಯ, ಇದೇ ಆ ಕ್ರಮದ ತಿರುಳು. ಹಳೆಯ ಸೂಜಿಯನ್ನು ತೆಗೆದುಕೊಂಡು ಹೊಸದನ್ನು ಕೊಡುವುದು, ಗಾಯಕ್ಕೆ ಮದ್ದು ಹಚ್ಚುವುದು, ರಕ್ತಪರೀಕ್ಷೆ ಮಾಡಿಸುವುದು, ಒಳ್ಳೆಯ ಮಾತು ಹೇಳಿ ಆಸ್ಪತ್ರೆಯವರೆಗೆ ಕರೆದೊಯ್ಯುವುದು ಇವೆಲ್ಲ ಅದರಲ್ಲಿ ಸೇರಿವೆ.

‘ಸೂಜಿ ಕೊಡುವುದೆಂದರೆ ಪಾಪಕ್ಕೆ ಸರಕಾರವೇ ಕೈಗೂಡಿಸಿದಂತಲ್ಲವೆ?’ ಎಂದು ನಿಮ್ಮಲ್ಲಿ ಹಲವರಿಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ನಮ್ಮೂರಿನ ಬಾವಿಯನ್ನು ನೆನೆಯಿರಿ. ಬಾವಿಗೆ ಕಟ್ಟೆ ಕಟ್ಟುವುದು ಊರಿನ ಧರ್ಮ. ಮಕ್ಕಳನ್ನು ಅದರ ಬಳಿ ಬಿಡದಿರುವುದು ತಾಯ್ತಂದೆಯರ ಧರ್ಮ. ಆದರೂ ಒಬ್ಬ ಬಿದ್ದನೆನ್ನಿ. ಆಗ ಕಟ್ಟೆಯ ಮೇಲೆ ನಿಂತು ಉಪದೇಶ ಮಾಡುತ್ತೇವೆಯೆ? ಮೊದಲು ಹಗ್ಗ ಇಳಿಬಿಡುತ್ತೇವೆ. ಹಗ್ಗ ಇಳಿಬಿಟ್ಟವನು ಬಾವಿಗೆ ಬೀಳುವುದನ್ನು ಮೆಚ್ಚಿದನೆಂದು ಯಾರೂ ಹೇಳರು. ಕಟ್ಟೆಯೂ ಬೇಕು, ಹಗ್ಗವೂ ಬೇಕು.

ಇಂಥ ಇನ್ನೊಂದು ಹಗ್ಗ ಬದಲಿ ಔಷಧದ ಚಿಕಿತ್ಸೆ. ಬ್ಯುಪ್ರೆನಾರ್ಫಿನ್ ಎಂಬ ಮಾತ್ರೆಯನ್ನು ರೋಗಿ ನಾಲಗೆಯ ಕೆಳಗಿಟ್ಟು ಕರಗಿಸುತ್ತಾನೆ. ಅದು ದಿನವಿಡೀ ದೇಹದ ತಹತಹವನ್ನು ತಡೆಯುತ್ತದೆ. ಚುಚ್ಚಿಕೊಳ್ಳುವ ಅಗತ್ಯ ತಪ್ಪುತ್ತದೆ. ಅವನು ಕೆಲಸಕ್ಕೆ ಹೋಗಬಲ್ಲ, ಮನೆಯವರೊಡನೆ ಕುಳಿತು ಉಣ್ಣಬಲ್ಲ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ೨೦೦೭-೦೮ರಿಂದ ಇದನ್ನು ತನ್ನ ಕಾರ್ಯಕ್ರಮದಲ್ಲಿ ಸೇರಿಸಿಕೊಂಡಿದೆ.

ಹೊರದೇಶಗಳ ಅನುಭವದಲ್ಲಿಯೂ ಪಾಠವಿದೆ. ಪೋರ್ತುಗಲ್ ದೇಶ ೨೦೦೧ರ ಜುಲೈನಿಂದ, ಹತ್ತು ದಿನಗಳ ಸ್ವಂತ ಬಳಕೆಗೆ ಮೀರದಷ್ಟು ಇಟ್ಟುಕೊಂಡವನನ್ನು ಕ್ರಿಮಿನಲ್ ನ್ಯಾಯಾಲಯದ ಬದಲು ಮೂವರ ಒಂದು ಮಂಡಲಿಯ ಮುಂದೆ ಕಳುಹಿಸುತ್ತಿದೆ. ಮಾರುವವನಿಗೆ ಮಾತ್ರ ಸೆರೆಮನೆ ತಪ್ಪಿಲ್ಲ. ಜೊತೆಜೊತೆಗೆ ಚಿಕಿತ್ಸೆಯನ್ನು ವಿಸ್ತರಿಸಿದ್ದರಿಂದ, ಸೂಜಿಯ ಮೂಲಕ ಹರಡುತ್ತಿದ್ದ ಎಚ್.ಐ.ವಿ. ಅಲ್ಲಿ ಬಹಳವಾಗಿ ಇಳಿಯಿತು. ಅಮೆರಿಕದ ಒರೆಗಾನ್ ರಾಜ್ಯವೂ ೨೦೨೧ರಲ್ಲಿ ಶಿಕ್ಷೆಯನ್ನು ಸಡಿಲಿಸಿತು. ಆದರೆ ಚಿಕಿತ್ಸೆಯ ಏರ್ಪಾಡು ಹಿಂದುಳಿಯಿತು, ಜನ ಬೇಸತ್ತರು, ೨೦೨೪ರಲ್ಲಿ ಶಿಕ್ಷೆ ಮರಳಿ ಬಂದಿತು. ಬರಿಯ ದಂಡನೆಯಿಂದ ಕೆಲಸವಾಗದು, ಬರಿಯ ಸಡಿಲಿಕೆಯಿಂದಲೂ ಆಗದು. ಆಸ್ಪತ್ರೆಯ ಬಾಗಿಲು ನಿಜವಾಗಿ ತೆರೆದಿರಬೇಕು.

ನಮ್ಮಲ್ಲಿ ಅದು ಎಷ್ಟು ತೆರೆದಿದೆ? ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರು ನಡೆಸಿ, ೨೦೧೯ರಲ್ಲಿ ಸರಕಾರ ಪ್ರಕಟಿಸಿದ ಸಮೀಕ್ಷೆಯಂತೆ, ದೇಶದಲ್ಲಿ ಅಫೀಮಿನ ಜಾತಿಯ ವಸ್ತುಗಳಿಂದ ತೊಂದರೆಗೆ ಸಿಕ್ಕಿ ಸಹಾಯ ಬೇಕಾದವರು ಸುಮಾರು ೭೭ ಲಕ್ಷ. ಚುಚ್ಚಿಕೊಳ್ಳುವವರು ಸುಮಾರು ಎಂಟೂವರೆ ಲಕ್ಷ. ಕಾನೂನುಬಾಹಿರ ವಸ್ತುಗಳಿಗೆ ದಾಸರಾದವರಲ್ಲಿ ಇಪ್ಪತ್ತರಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆ ದೊರೆತಿತ್ತು. ಉಳಿದ ಹತ್ತೊಂಬತ್ತು ಮಂದಿಯನ್ನು ಬಾಗಿಲಿನಿಂದ ದೂರ ಇಟ್ಟದ್ದು ಆಸ್ಪತ್ರೆಗಳ ಕೊರತೆಯೊಂದೇ ಅಲ್ಲ, ನಾಚಿಕೆಯೂ ಹೌದು. ಆ ನಾಚಿಕೆಯನ್ನು ಬೆಳೆಸಿದವರಲ್ಲಿ ನನ್ನಂಥ ಗಾದೆ ಹೇಳುವವರೂ ಇದ್ದೇವೆ.

ಆ ಹುಡುಗನನ್ನು ನಾನು ನಾಲ್ಕು ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಕಂಡೆ. ಮೇ ತಿಂಗಳ ಬಿಸಿಲು. ಅವನು ತುಂಬು ತೋಳಿನ ಅಂಗಿ ತೊಟ್ಟಿದ್ದ. ಗುರುತು ಹಿಡಿದು ಅವನೇ ಬಂದು ನಮಸ್ಕರಿಸಿದ. ಶಾಲೆ ಬಿಟ್ಟ ಮೇಲೆ ಗೆಳೆಯರ ಸೂಜಿಯಿಂದ ಅವನಿಗೆ ಹೆಪಟೈಟಿಸ್ ಸಿ ಎಂಬ ಯಕೃತ್ತಿನ ರೋಗ ಅಂಟಿತ್ತು. ಅವನ ತಾಯಿ ಯಾರು ಯಾರನ್ನೋ ಕೇಳಿ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದರಂತೆ. ಈಗ ಅವನು ಒಂದು ಮುದ್ರಣಾಲಯದಲ್ಲಿ ಕೆಲಸದಲ್ಲಿದ್ದಾನೆ. ಯಕೃತ್ತಿನ ರೋಗ ಮಾತ್ರೆಗಳಿಂದ ಗುಣವಾಗಿದೆ. ೨೦೧೮ರಿಂದ ಆ ಮಾತ್ರೆಗಳನ್ನು ಸರಕಾರ ಉಚಿತವಾಗಿ ಕೊಡುತ್ತಿದೆ. ನಾಲಗೆಯ ಕೆಳಗಿನ ಮಾತ್ರೆಯನ್ನು ವೈದ್ಯರು ನಿಧಾನವಾಗಿ ಇಳಿಸುತ್ತಿದ್ದಾರೆ. ನನ್ನ ಮೇಲೆ ಅವನಿಗೆ ಕೋಪವಿಲ್ಲ. ಅದೇ ನನ್ನನ್ನು ಹೆಚ್ಚಾಗಿ ಚುಚ್ಚುತ್ತದೆ.

ಆದುದರಿಂದ ಮನೆಮನೆಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ಮಗುವಿನ ಚೀಲದಲ್ಲಿ ಏನಾದರೂ ಸಿಕ್ಕರೆ ಹೊಡೆಯಬೇಡಿ, ಮುಚ್ಚಿಡಲೂ ಬೇಡಿ. ೧೪೪೪೬ ಎಂಬ ಸಂಖ್ಯೆಗೆ ಫೋನ್ ಮಾಡಿ. ಅದು ವ್ಯಸನಮುಕ್ತಿಗಾಗಿ ಕೇಂದ್ರ ಸರಕಾರ ನಡೆಸುವ ಉಚಿತ ಸಹಾಯವಾಣಿ. ತಿಂಗಳುಗಟ್ಟಲೆ ಕೋಣೆಯಲ್ಲಿ ಕೂಡಿಹಾಕುವ ಚಿಕಿತ್ಸೆಯನ್ನು ನಂಬಬೇಡಿ. ಬಹುಕಾಲ ಬಿಟ್ಟಿದ್ದು ಹೊರಬಂದವನು ಹಿಂದಿನ ಪ್ರಮಾಣವನ್ನೇ ತೆಗೆದುಕೊಂಡರೆ, ದೇಹ ಅದನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುವುದರಿಂದ, ಉಸಿರು ನಿಂತುಹೋಗಬಹುದು. ಒಮ್ಮೆ ಬಿಟ್ಟವನು ಮತ್ತೆ ಹಿಡಿದರೆ, ಹೋಯಿತೆಂದು ಕೈಬಿಡಬೇಡಿ. ಸಕ್ಕರೆ ಕಾಯಿಲೆಯವರು ಒಂದು ಹಬ್ಬದ ದಿನ ಪಥ್ಯ ತಪ್ಪಿದರೆ ವೈದ್ಯರು ಅವರನ್ನು ಹೊರಗಟ್ಟುವುದಿಲ್ಲವಷ್ಟೆ.

ನನ್ನ ತರಗತಿಯಲ್ಲಿ ಈಗ ‘ವ್ಯಸನ’ ಶಬ್ದ ಬಂದಾಗ ಎರಡು ಅರ್ಥಗಳನ್ನೂ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಪಕ್ಕದಲ್ಲಿ ಆ ದೂರವಾಣಿ ಸಂಖ್ಯೆಯನ್ನೂ ಬರೆಯುತ್ತೇನೆ. ನೀವೂ ಅದನ್ನು ನಿಮ್ಮ ಮನೆಯ ಪಂಚಾಂಗದ ಮೇಲೋ ರೇಡಿಯೋದ ಪಕ್ಕದಲ್ಲೋ ಬರೆದಿಡಿ. ನಿಮಗೆ ಬೇಕಾಗದಿರಲಿ ಎಂದೇ ಹಾರೈಸುತ್ತೇನೆ. ನೆರೆಮನೆಯ ತಾಯಿಯೊಬ್ಬಳು ಕಂಬಕ್ಕೆ ಒರಗಿ ‘ಎಲ್ಲಿಗೆ ಕರಕೊಂಡು ಹೋಗಲಿ?’ ಎಂದು ಕೇಳಿದಾಗ, ನಿಮ್ಮಲ್ಲಿ ಉತ್ತರವಿರಲಿ.