ಎತ್ತರದ ನಾಡಿಗೆ ಹೊರಡುವ ಮುನ್ನ

(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಹದಿನಾಲ್ಕು ಜನ ಸದಸ್ಯರು ಬರುವ ಏಪ್ರಿಲ್ ತಿಂಗಳಲ್ಲಿ ನೇಪಾಳಕ್ಕೆ ಹೋಗಿ, ಎವರೆಸ್ಟ್ ಶಿಖರದ ಬುಡದ ಬೇಸ್ ಕ್ಯಾಂಪಿನವರೆಗೆ ನಡೆದು ಬರಲು ನಿಶ್ಚಯಿಸಿದ್ದಾರೆ. ಅದಕ್ಕಾಗಿ ದೇಹವನ್ನು ಹೇಗೆ ಅಣಿಗೊಳಿಸಬೇಕೆಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ವೈದ್ಯನಲ್ಲ, ಪರ್ವತಾರೋಹಿಯಂತೂ ಅಲ್ಲವೇ ಅಲ್ಲ. 2018ರಲ್ಲಿ ಆ ದಾರಿಯನ್ನು ಬಹುಪಾಲು ನಡೆದವನು, ಆಮೇಲೆ ಕುತೂಹಲದಿಂದ ಅದರ ವಿಷಯ ಓದಿಕೊಂಡವನು. ಇಷ್ಟೇ ನನ್ನ ಅಧಿಕಾರ.

ಹೊರಡುವವರೆಲ್ಲ ಮೂರು ತಿಂಗಳಿಂದ ಪ್ರತಿ ಭಾನುವಾರ ನಸುಕಿನಲ್ಲಿ ಸಿಂಹಗಡ ಹತ್ತುತ್ತಿದ್ದಾರೆಂದು ಕೇಳಿ ಸಂತೋಷವಾಯಿತು. ಪುಣೆಯವರಿಗೆ ಅದಕ್ಕಿಂತ ಒಳ್ಳೆಯ ಗರಡಿಮನೆ ಇಲ್ಲ. ಆತಕರವಾಡಿಯ ಕಾಲುದಾರಿ ಹಿಡಿದರೆ ಸುಮಾರು 600 ಮೀಟರಿನ ಏರು. ಮೇಲೆ ಹೋದರೆ ಪಿಠಲ-ಭಾಕರಿ, ಮಡಕೆಯ ಮೊಸರು. ನಮ್ಮ ಧಾರವಾಡ, ವಿಜಯಪುರದ ಕಡೆಯವರಿಗೆ ತವರುಮನೆಯ ಊಟವೇ ಸಿಕ್ಕಂತೆ. ವಾರದ ನಡುವೆ ಬಿಡುವಿಲ್ಲದವರಿಗೆ ಪರ್ವತಿಯ ಮೆಟ್ಟಿಲುಗಳಿವೆ. ಬೇಂದ್ರೆಯವರು ಓದಿದ ಫರ್ಗ್ಯೂಸನ್ ಕಾಲೇಜಿನ ಹಿಂದೆಯೇ ಹನುಮಾನ್ ಟೇಕಡಿ ಇದೆ. ಅದೂ ಆಗದವರು ಲಿಫ್ಟಿಗೆ ನಮಸ್ಕಾರ ಹೇಳಿ ಮನೆಯ ಮೆಟ್ಟಿಲನ್ನೇ ಹತ್ತಿ ಇಳಿಯಬಹುದು. ಬೆನ್ನ ಮೇಲೆ ಐದಾರು ಕಿಲೋ ಭಾರವಿರಲಿ. ಹತ್ತುವುದಕ್ಕೆ ಕೊಟ್ಟಷ್ಟೇ ಗಮನವನ್ನು ಇಳಿಯುವುದಕ್ಕೂ ಕೊಡಿ. ಏರುವಾಗ ಉಸಿರು ಸೋಲುತ್ತದೆ, ಇಳಿಯುವಾಗ ತೊಡೆ-ಮಂಡಿಗಳು ಸೋಲುತ್ತವೆ. ಒಂದು ದಿನ ಸಿಂಹಗಡ ಹತ್ತುವುದು ಬೇರೆ, ಹನ್ನೆರಡು ದಿನ ಬೆಳಿಗ್ಗೆ ಎದ್ದು ಮತ್ತೆ ನಡೆಯುವುದು ಬೇರೆ. ಆದ್ದರಿಂದ ಶನಿವಾರ, ಭಾನುವಾರ ಎರಡು ದಿನವೂ ಬೆನ್ನುಬೆನ್ನಿಗೆ ನಡೆಯುವ ಅಭ್ಯಾಸ ಬೇಕು. ಹೊಸ ಬೂಟು ಇಲ್ಲಿಯೇ ಹಳತಾಗಲಿ. ಶಿಕ್ಷಣದ ಮಾತು ಇಷ್ಟು ಸಾಕು. ಇದು ನಿಮಗೆ ತಿಳಿದದ್ದೇ.

ನಾನು ಮುಖ್ಯವಾಗಿ ಹೇಳಬಂದದ್ದು ಬೇರೆ. ಸಿಂಹಗಡವು ಕಾಲನ್ನು ಕೊಡುತ್ತದೆ, ಎದೆಯನ್ನು ಕೊಡುತ್ತದೆ, ಎತ್ತರವನ್ನು ಕೊಡಲಾರದು. ಅದರ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,300 ಮೀಟರು. ಕಠ್ಮಂಡುವಿನ ಪೇಟೆಯೇ ಅದಕ್ಕಿಂತ ಮೇಲಿದೆ! ಮಹಾರಾಷ್ಟ್ರದಲ್ಲಿ ಎಲ್ಲಕ್ಕಿಂತ ಎತ್ತರದ ಕಳಸೂಬಾಯಿ 1,646 ಮೀಟರು. ನಮ್ಮ ಮುಳ್ಳಯ್ಯನಗಿರಿ 1,900 ಮೀಟರನ್ನು ಸ್ವಲ್ಪ ದಾಟುತ್ತದೆ. ನೀವು ವಿಮಾನದಿಂದ ಇಳಿದು ಮೊದಲ ಹೆಜ್ಜೆ ಇಡುವ ಲುಕ್ಲಾ 2,860 ಮೀಟರು. ಅಂದರೆ ನಮ್ಮ ಎರಡೂ ರಾಜ್ಯಗಳ ಎತ್ತರವೆಲ್ಲ ಮುಗಿದ ಮೇಲೆ ನಿಮ್ಮ ನಡಿಗೆ ಮೊದಲಾಗುತ್ತದೆ. ಅದು ಮುಟ್ಟುವುದು 5,364 ಮೀಟರಿಗೆ.

ಅಲ್ಲಿಯ ಗಾಳಿಯಲ್ಲೂ ಆಮ್ಲಜನಕದ ಪಾಲು ಇಲ್ಲಿಯಷ್ಟೇ, ನೂರಕ್ಕೆ ಇಪ್ಪತ್ತೊಂದು. ಕಡಮೆಯಾಗುವುದು ಗಾಳಿಯ ಒತ್ತಡ. ಸಮುದ್ರದಂಡೆಯಲ್ಲಿ ಪಾದರಸ 760 ಮಿಲಿಮೀಟರು ನಿಂತರೆ ಪುಣೆಯಲ್ಲಿ 710ರ ಸುಮಾರು, ಬೇಸ್ ಕ್ಯಾಂಪಿನಲ್ಲಿ 400ರ ಸುಮಾರು. ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಹೆಚ್ಚುಕಡಮೆ ಅರ್ಧ. ಈ ಅರ್ಧ ಸಂಬಳದಲ್ಲಿ ಸಂಸಾರ ನಡೆಸಲು ದೇಹ ಕಲಿಯಬಲ್ಲದು. ಆದರೆ ಅದಕ್ಕೆ ದಿನಗಳು ಬೇಕು. ವರ್ಗವಾಗಿ ಹೊಸ ಊರಿಗೆ ಬಂದ ಕುಟುಂಬ ಮೊದಲ ದಿನ ಒಲೆ ಹೂಡುತ್ತದೆ, ವಾರದಲ್ಲಿ ಹಾಲಿನವನನ್ನು ಗೊತ್ತುಮಾಡಿಕೊಳ್ಳುತ್ತದೆ, ನೆರೆಹೊರೆಯ ಬಳಕೆಗೆ ತಿಂಗಳಾಗುತ್ತದೆ. ಪುಣೆಗೆ ಹೀಗೆಯೇ ಬಂದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ದೇಹವೂ ಹಾಗೆ. ಉಸಿರಾಟ ಮೊದಲ ಗಂಟೆಗಳಲ್ಲೇ ಹೆಚ್ಚುತ್ತದೆ. ಅದರಿಂದ ರಕ್ತದ ಆಮ್ಲ-ಕ್ಷಾರಗಳ ಲೆಕ್ಕ ತಪ್ಪುವುದನ್ನು ಮೂತ್ರಪಿಂಡಗಳು ಕೆಲವು ದಿನಗಳಲ್ಲಿ ತಿದ್ದುತ್ತವೆ. ಕೆಂಪು ರಕ್ತಕಣಗಳು ನಿಜವಾಗಿ ಹೆಚ್ಚಲು ವಾರಗಳೇ ಬೇಕು. ಪುಣೆಯಲ್ಲಿ ಕುಳಿತು ಈ ಕೆಲಸವನ್ನು ಮುಂಗಡವಾಗಿ ಮಾಡಿಸಿಕೊಳ್ಳಲಾಗದು. ಮುಖಕ್ಕೆ ಕಟ್ಟಿಕೊಂಡು ಓಡುವ ಮುಖವಾಡಗಳು ಪೇಟೆಗೆ ಬಂದಿವೆ. ಅವು ಉಸಿರನ್ನು ತಡೆಯುತ್ತವೆ. ಗಾಳಿಯ ಒತ್ತಡವನ್ನು ಇಳಿಸುವುದಿಲ್ಲ.

ಅವಸರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯದೊಂದು ನಿದರ್ಶನವಿದೆ. 1875ರ ಏಪ್ರಿಲಿನಲ್ಲಿ ಫ್ರಾನ್ಸಿನ ಮೂವರು ‘ಝೆನಿತ್’ ಎಂಬ ಬಲೂನಿನಲ್ಲಿ ಕೆಲವೇ ಗಂಟೆಗಳಲ್ಲಿ 8,000 ಮೀಟರನ್ನು ಮೀರಿ ಏರಿದರು. ಆಮ್ಲಜನಕದ ಚೀಲಗಳು ಕೈಗೆಟಕುವಂತೆ ತೂಗುತ್ತಿದ್ದವು. ಆದರೆ ಚೀಲದ ಕೊಳವೆ ಹಿಡಿಯಲು ಕೈ ಏಳಲಿಲ್ಲ. ಇಬ್ಬರು ಸತ್ತರು, ಬದುಕಿದ ತಿಸಾಂದಿಯೇ ಆಮೇಲೆ ಬರೆದಿಟ್ಟದ್ದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ: ಆ ಹೊತ್ತಿನಲ್ಲಿ ಅವನಿಗೆ ಭಯವೇ ಆಗಲಿಲ್ಲ, ಒಂದು ಬಗೆಯ ಆನಂದವಾಗಿತ್ತಂತೆ. ಅದಕ್ಕಿಂತಲೂ ಎತ್ತರವಾದ ಎವರೆಸ್ಟಿನ ತುದಿಯನ್ನು 1978ರಲ್ಲಿ ಮೆಸ್ನರ್ ಮತ್ತು ಹಾಬೆಲರ್ ಎಂಬಿಬ್ಬರು ಆಮ್ಲಜನಕದ ಸಿಲಿಂಡರೇ ಇಲ್ಲದೆ ಮುಟ್ಟಿ ತಿರುಗಿ ಬಂದರು. ಅವರು ಅಸಾಮಾನ್ಯರು, ನಿಜ. ಆದರೆ ಅವರಿಗೂ ಪರ್ವತದ ಮೇಲೆ ಹತ್ತಿ-ಇಳಿದು ವಾರಗಟ್ಟಲೆ ಪಳಗುವುದು ತಪ್ಪಲಿಲ್ಲ. ನಮ್ಮ ಊರಿನ ಗಿರಿಪ್ರೇಮಿ ಸಂಸ್ಥೆಯವರು 2012ರಲ್ಲಿ ಎವರೆಸ್ಟನ್ನು, 2019ರಲ್ಲಿ ಕಾಂಚನಗಂಗೆಯನ್ನು ಏರಿದವರು. ಸಹ್ಯಾದ್ರಿಯ ಅಭ್ಯಾಸ ಅವರಿಗಿಂತ ಹೆಚ್ಚು ಯಾರಿಗಿದ್ದೀತು? ಅದೊಂದೇ ಸಾಕಾಗಿದ್ದರೆ ಅಂಥ ಸಾಹಸಗಳಿಗೆ ತಿಂಗಳುಗಳು ಬೇಕಾಗುತ್ತಿರಲಿಲ್ಲ.

‘ಗಟ್ಟಿಮುಟ್ಟಾದವರಿಗೆ ಏನೂ ಆಗದು’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 1962ರ ಚೀನಾ ಯುದ್ಧದ ಕಾಲಕ್ಕೆ ನಮ್ಮ ಸೈನಿಕರನ್ನು ಬಯಲುನಾಡಿನಿಂದ ಹಿಮಾಲಯದ ಎತ್ತರಕ್ಕೆ ತಟ್ಟನೆ ಸಾಗಿಸಬೇಕಾಯಿತು. ಅವರಿಗಿಂತ ಗಟ್ಟಿಗರು ಯಾರು? ಆದರೂ ಅನೇಕರು ಹಾಸಿಗೆ ಹಿಡಿದರು. ಇಂದರ್ ಸಿಂಗ್ ಮತ್ತು ಅವರ ಸಂಗಡಿಗ ವೈದ್ಯರು ಇಂಥ 1,925 ಸೈನಿಕರನ್ನು ಪರೀಕ್ಷಿಸಿ 1969ರಲ್ಲಿ ಪ್ರಕಟಿಸಿದ ಲೇಖನವನ್ನು ಜಗತ್ತಿನ ವೈದ್ಯರು ಇಂದಿಗೂ ಉಲ್ಲೇಖಿಸುತ್ತಾರೆ.

ನಾನು ಕಂಡದ್ದನ್ನೂ ಹೇಳಿಬಿಡುತ್ತೇನೆ. ನಮ್ಮ ತಂಡದಲ್ಲಿ ಇಪ್ಪತ್ತಾರು ವರ್ಷದ ಒಬ್ಬ ತರುಣನಿದ್ದ. ಮುಕ್ಕಾಲು ಗಂಟೆಯಲ್ಲಿ ಸಿಂಹಗಡ ಏರುವವನು. ದಿಂಗ್ಬೋಚೆಯಲ್ಲಿ ಅವನಿಗೆ ತಲೆನೋವು ಬಂತು, ಯಾರಿಗೂ ಹೇಳಲಿಲ್ಲ. ಮರುದಿನ ಲೊಬುಚೆಗೆ ಎಲ್ಲರಿಗಿಂತ ಮೊದಲು ಮುಟ್ಟಿದ. ಊಟ ಬೇಡವೆಂದ. ಸಂಜೆ ಬೂಟಿನ ಲಾಡಿ ಕಟ್ಟಲು ಮೂರು ಸಲ ಯತ್ನಿಸಿ ಕೈಬಿಟ್ಟ. ಇದನ್ನು ಗಮನಿಸಿದ ಶೆರ್ಪಾ ಮಾರ್ಗದರ್ಶಿ ಅವನನ್ನು ಅಂಗಳಕ್ಕೆ ಕರೆದು, ಒಂದು ಕಾಲಿನ ಬೆರಳಿಗೆ ಇನ್ನೊಂದು ಕಾಲಿನ ಹಿಮ್ಮಡಿ ತಾಗುವಂತೆ ನೆಟ್ಟಗೆ ಹತ್ತು ಹೆಜ್ಜೆ ನಡೆಯೆಂದ. ನಾಲ್ಕನೆಯ ಹೆಜ್ಜೆಗೆ ಹುಡುಗ ಪಕ್ಕಕ್ಕೆ ವಾಲಿದ. ‘ಕಲ್ಲು ತಾಗಿತು, ನನಗೇನೂ ಆಗಿಲ್ಲ’ ಎಂದು ಜಗಳಕ್ಕೇ ನಿಂತ. ಮಾರ್ಗದರ್ಶಿ ವಾದಿಸಲಿಲ್ಲ, ದೀಪ ಹೊತ್ತಿಸಿಕೊಂಡು ಆ ರಾತ್ರಿಯೇ ಅವನನ್ನು ಫೆರಿಚೆಗೆ ಇಳಿಸಿದ. 1973ರಲ್ಲಿ ಸ್ಥಾಪಿತವಾದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನವರು ಅಲ್ಲಿ ಒಂದು ಚಿಕ್ಕ ಚಿಕಿತ್ಸಾಲಯವನ್ನು ನಡೆಸುತ್ತಾರೆ. ಆಮ್ಲಜನಕ ಕೊಟ್ಟರು, ಔಷಧ ಕೊಟ್ಟರು. ಬೆಳಗಾಗುವ ಹೊತ್ತಿಗೆ ಹುಡುಗ ಚಹಾ ಕೇಳಿದ. ಜಗಳವಾಡಿದ್ದು ಅವನಿಗೆ ನೆನಪೇ ಇರಲಿಲ್ಲ. ಜೊತೆಗೆ ಇಳಿದವರಲ್ಲಿ ನಾನೊಬ್ಬ. ಹೀಗಾಗಿ ಬೇಸ್ ಕ್ಯಾಂಪನ್ನು ನಾನು ಈವರೆಗೆ ಕಂಡಿಲ್ಲ.

ಇದನ್ನು ಆಮೆ-ಮೊಲದ ಕಥೆಯೆಂದು ತಿಳಿಯಬೇಡಿ. ಅದೇ ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆದವರೊಬ್ಬರು ನಾಮ್ಚೆಯಲ್ಲಿಯೇ ವಾಂತಿ ಮಾಡಿಕೊಂಡು ಮಲಗಿದರು. ಯಾರಿಗೆ ಬರುತ್ತದೆ, ಯಾರಿಗೆ ಬಿಡುತ್ತದೆ ಎಂಬುದು ವಯಸ್ಸಿನಿಂದಾಗಲಿ ತೋಳಬಲದಿಂದಾಗಲಿ ಗೊತ್ತಾಗದು. ಗೊತ್ತಿರುವುದು ಇಷ್ಟು: ಬೇಗ ಏರಿದಷ್ಟೂ ಅಪಾಯ ಹೆಚ್ಚು. ತಲೆನೋವು, ಓಕರಿಕೆ, ನಿದ್ರೆಗೇಡು ಕಂಡರೆ ಅಲ್ಲಿಯೇ ನಿಲ್ಲಬೇಕು. ಹೆಜ್ಜೆ ತಪ್ಪುವುದು, ಮಾತು ತೊದಲುವುದು, ಕುಳಿತಲ್ಲಿಯೇ ಏದುಸಿರು ಬರುವುದು ಕಂಡರೆ ಬೆಳಗಿನವರೆಗೆ ಕಾಯದೆ ಇಳಿಯಬೇಕು. ಮಿದುಳಿನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬುತ್ತಿರುವುದರ ಗುರುತು ಅದು.

ಔಷಧವಿಲ್ಲವೆ ಎಂದು ಕೇಳುತ್ತೀರಿ. ಅಸೆಟಝೋಲಮೈಡ್ ಎಂಬ ಮಾತ್ರೆ ದೇಹ ಹೊಂದಿಕೊಳ್ಳುವುದನ್ನು ಚುರುಕು ಮಾಡುತ್ತದೆ. ಎಲ್ಲರಿಗೂ ಅದು ಒಗ್ಗದು. ನಿಮ್ಮ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ರಕ್ತದೊತ್ತಡ, ಉಬ್ಬಸ, ರಕ್ತಹೀನತೆಗಳ ಪರೀಕ್ಷೆಯನ್ನೂ ಆಗಲೇ ಮಾಡಿಸಿಕೊಳ್ಳಿ. ನಮ್ಮವರು ಒಯ್ಯುವ ಕರ್ಪೂರದ ಗಂಟು, ಅಲ್ಲಿಯ ಚಹಾದಂಗಡಿಗಳ ಬೆಳ್ಳುಳ್ಳಿ ಸಾರು, ಇವೆರಡರಿಂದ ಕೇಡಿಲ್ಲ. ಅವನ್ನು ನಂಬಿ ಒಂದು ದಿನ ಬೇಗ ಏರುವುದು ಕೇಡು. ಮದ್ಯವೂ ನಿದ್ರೆಮಾತ್ರೆಯೂ ಬೇಡ.

ಇನ್ನು ನಿಮ್ಮ ಕಾರ್ಯಕ್ರಮ ಪಟ್ಟಿ. ಮನಸ್ಸಿಗೆ ನೋವಾಗದಂತೆ ಹೇಳಲು ನನಗೆ ಬಾರದು. ಪಟ್ಟಿ ನನಗೆ ಒಪ್ಪಿಗೆಯಾಗಲಿಲ್ಲ. 3,000 ಮೀಟರಿನ ಮೇಲೆ, ರಾತ್ರಿ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲಿಯೇ ತಂಗಬೇಕು ಎಂಬುದು ಬಲ್ಲವರ ನಿಯಮ. ನಿಮ್ಮ ಪಟ್ಟಿಯಲ್ಲಿ ಫಾಕ್ದಿಂಗ್‌ನ 2,610ರಿಂದ ನಾಮ್ಚೆಯ 3,440ಕ್ಕೆ ಒಂದೇ ದಿನದಲ್ಲಿ ಏರಿ, ತಂಗದೆ ಮುಂದೆ ನಡೆದಿದ್ದೀರಿ. ಅಲ್ಲಿಂದ ಮೂರೇ ದಿನದಲ್ಲಿ ತೆಂಗ್ಬೋಚೆ, ದಿಂಗ್ಬೋಚೆ, ಮತ್ತೆ 4,940 ಮೀಟರಿನ ಲೊಬುಚೆ. ಮೂರು ರಾತ್ರಿಗೆ 1,500 ಮೀಟರು! ಹೀಗೆ ಉಳಿಸಿದ ಎರಡು ದಿನಗಳನ್ನು ಪೋಖರಾ ನೋಡಲು ಇಟ್ಟುಕೊಂಡಿದ್ದೀರಿ. ರಜೆ ಕಡಮೆ, ಮಕ್ಕಳಿಗೆ ಸರೋವರ ತೋರಿಸಬೇಕು; ಎಲ್ಲ ನಿಜ. ಪೋಖರಾ ಇನ್ನೊಂದು ವರ್ಷಕ್ಕೂ ಅಲ್ಲಿಯೇ ಇರುತ್ತದೆ. ಆ ಎರಡು ದಿನಗಳಲ್ಲಿ ಒಂದನ್ನು ನಾಮ್ಚೆಗೆ, ಒಂದನ್ನು ದಿಂಗ್ಬೋಚೆಗೆ ಕೊಡಿ. ತಂಗುವ ದಿನವೆಂದರೆ ಕಂಬಳಿ ಹೊದ್ದು ಮಲಗುವುದಲ್ಲ. ಹಗಲು ಮುನ್ನೂರು ನಾನೂರು ಮೀಟರು ಮೇಲಕ್ಕೆ ನಡೆದು, ರಾತ್ರಿಗೆ ಕೆಳಗೆ ಬಂದು ಮಲಗುವುದು. ಕಿಲಿಮಂಜಾರೋದ ಮಾರ್ಗದರ್ಶಿಗಳು ‘ಪೋಲೆ ಪೋಲೆ’ ಎಂದು ಹೆಜ್ಜೆಹೆಜ್ಜೆಗೆ ಹೇಳುತ್ತಾರಂತೆ. ನಮ್ಮ ಕಡೆಯವರ ‘ಸಾವಕಾಶ’ವೇ ಅದು.

ಇನ್ನೊಂದು ಮಾತು. ‘ಇಳಿ’ ಎಂದು ಹೇಳುವ ಅಧಿಕಾರ ಯಾರದೆಂದು ಪುಣೆಯಲ್ಲಿಯೇ ಗೊತ್ತುಮಾಡಿಕೊಳ್ಳಿ. ಹೊರಡುವವರಲ್ಲಿ ಮಾವ-ಅಳಿಯಂದಿರಿದ್ದಾರೆ, ಒಂದೇ ಕಚೇರಿಯ ಸಾಹೇಬರೂ ಅವರ ಕೈಕೆಳಗಿನವರೂ ಇದ್ದಾರೆ. ಅಳಿಯನ ಎದುರಿಗೆ ತಲೆನೋವೆಂದು ಯಾವ ಮಾವ ಹೇಳಿಕೊಂಡಾನು? ಸಾಹೇಬರ ಹೆಜ್ಜೆ ವಾಲಿತೆಂದು ಹೇಳುವ ಎದೆ ಯಾವ ಗುಮಾಸ್ತನಿಗಿದೆ? ಆದ್ದರಿಂದ ಮಾರ್ಗದರ್ಶಿಯ ಮಾತೇ ಕೊನೆಯ ಮಾತೆಂದು ಹದಿನಾಲ್ಕೂ ಜನ ಇಂದೇ ಒಪ್ಪಿಕೊಳ್ಳಬೇಕು. ದಿನಾ ಸಂಜೆ ಪ್ರತಿಯೊಬ್ಬರೂ ಜೊತೆಗಾರನಿಗೆ ತಮ್ಮ ತಲೆ, ಹೊಟ್ಟೆ, ನಿದ್ರೆಗಳ ವರದಿ ಒಪ್ಪಿಸಬೇಕು.

ತಿದ್ದಿದ ಪಟ್ಟಿಯ ಪ್ರತಿಯನ್ನು ಕಾರ್ಯದರ್ಶಿಗಳ ಬಳಿ ಇಟ್ಟಿದ್ದೇನೆ. ವಿಮಾನದ ಟಿಕೆಟುಗಳನ್ನು ಇನ್ನೂ ಕೊಂಡಿಲ್ಲವೆಂದು ತಿಳಿಯಿತು. ಕೊಳ್ಳುವ ಮುನ್ನ ಅದನ್ನೊಮ್ಮೆ ನೋಡಿರಿ.