ಕಪಾಟಿನ ಬೂಷ್ಟು
(ಮಹಿಳಾ ಮಂಡಲದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಹೇಳಬೇಕೆಂದಿರುವ ವಿಷಯ ಸಣ್ಣದು. ಆದರೆ ಅದರಿಂದಾಗುವ ನಷ್ಟ ಸಣ್ಣದಲ್ಲ.

ನಮ್ಮದು ಮಲೆನಾಡು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ನಮ್ಮ ಮನೆಯ ಪಡುಗೋಡೆಯಲ್ಲಿ ಒಂದು ಕಪಾಟಿದೆ. ಅತ್ತೆಯವರ ಧಾರೆ ಸೀರೆ, ತೋಟದ ಕ್ರಯಪತ್ರ ಎರಡೂ ಅದರಲ್ಲಿದ್ದವು. ಒಂದು ಶ್ರಾವಣದಲ್ಲಿ ತೆಗೆದು ನೋಡಿದರೆ ಸೀರೆಯ ಮಡಿಕೆಯಲ್ಲಿ ಕಪ್ಪು ಚುಕ್ಕೆ, ಪತ್ರದ ಮೊಹರಿನ ಮೇಲೆ ಬೂಷ್ಟು. ಅತ್ತೆಯವರು ಬೈಯಲಿಲ್ಲ. ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತರು.

ಪ್ರತಿ ವರ್ಷವೂ ನಾನು ಕಪಾಟು ಒರೆಸಿ ನುಸಿಗುಳಿಗೆ ಇಡುತ್ತಿದ್ದೆ. ಅದು ಹುಳುವಿಗೆ ಮದ್ದು, ಬೂಷ್ಟಿಗಲ್ಲ. ಬೂಷ್ಟು ಅಣಬೆಯ ಬಳಗದ್ದು. ಅದರ ಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇರುತ್ತವೆ. ಬಟ್ಟೆ, ಕಾಗದ, ಮರ ಅದಕ್ಕೆ ಆಹಾರ. ತೇವವೊಂದು ಸಿಕ್ಕರೆ ಒಂದೆರಡು ದಿನದಲ್ಲೇ ಬೆಳೆಯತೊಡಗುತ್ತದೆ. ಆದುದರಿಂದ ಒರೆಸುವ ಮೊದಲು ತೇವದ ಮೂಲವನ್ನು ಹುಡುಕಬೇಕು.

ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಕಪಾಟಿನ ಗೋಡೆಗೆ ಒಂದು ಚೌಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಮುಚ್ಚುವಂತೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಮುಂದೆ ಕಟ್ಟಿದರೆ ಮನೆಯೊಳಗಿನ ಗಾಳಿಯ ತೇವ.

ನಮ್ಮಲ್ಲಿ ಹಿಂದೆ ಕಟ್ಟಿತ್ತು. ಹೊರಗೆ ಹೋಗಿ ನೋಡಿದೆವು. ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿತ್ತು. ಅಲ್ಲೇ ಸೌದೆ ರಾಶಿ ಒರಗಿಸಿದ್ದೆವು. ಸೌದೆ ತೆಗೆದೆವು, ನೀರು ಹರಿದುಹೋಗಲು ಕಾಲುವೆ ಮಾಡಿದೆವು, ಒಡೆದ ಹೆಂಚು ಬದಲಿಸಿದೆವು, ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದೆವು. ಗೋಡೆ ಒಣಗಲು ತಿಂಗಳುಗಳೇ ಹಿಡಿದವು. ಆಮೇಲೆ ಒಳಗೆ ಸುಣ್ಣ ಬಳಿದೆವು.

ಗಾಳಿಯ ತೇವವಾದರೆ ಉಪಾಯ ಬೇರೆ. ಅರೆ ಒಣಗಿದ ಬಟ್ಟೆಯನ್ನು ಒಳಗಿಡಬೇಡಿ. ಕಪಾಟನ್ನು ಗಿಡಿದು ತುಂಬಬೇಡಿ. ಮರದ ಬೀರುವಾದರೆ ಗೋಡೆಯಿಂದ ನಾಲ್ಕು ಬೆರಳು ದೂರವಿಡಿ. ಮಳೆ ಬಿಟ್ಟು ಬಿಸಿಲು ಬಂದ ದಿನ ಬಾಗಿಲು ತೆರೆದಿಡಿ. ಅಡಿಗೆಮನೆಯ, ಬಚ್ಚಲಿನ ಹಬೆ ಹೊರಕ್ಕೆ ಹೋಗುವಂತಿರಲಿ.

ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬೇಡಿ. ಕಣಗಳು ಹಾರಿ ಮನೆಯೆಲ್ಲ ಹರಡುತ್ತವೆ. ಉಬ್ಬಸವಿರುವವರಿಗೆ ಅದು ತುಂಬ ಕೆಡುಕು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಬ್ಲೀಚಿಂಗ್ ಪುಡಿಯನ್ನು ಕಕ್ಕಸು ತೊಳೆಯುವ ಆಸಿಡ್ಡಿನೊಡನೆ ಎಂದಿಗೂ ಬೆರೆಸಬೇಡಿ. ವಿಷದ ಗಾಳಿ ಏಳುತ್ತದೆ.

ಕಾಗದಪತ್ರ ಒದ್ದೆಯಾದರೆ ಉಜ್ಜಬೇಡಿ. ನೆರಳಿನಲ್ಲಿ ಹರಡಿ ಒಣಗಿಸಿ. ನೋಂದಣಿಯಾದ ಪತ್ರಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ನಾವೂ ತಂದಿಟ್ಟುಕೊಂಡೆವು. ಆದರೆ ಧಾರೆ ಸೀರೆಗೆ ನಕಲಿಲ್ಲ, ಸಹೋದರಿಯರೇ. ಆ ಕಪ್ಪು ಚುಕ್ಕೆಗಳು ಹೋಗಲೇ ಇಲ್ಲ.

ಈ ಸಭೆ ಮುಗಿಸಿ ಮನೆಗೆ ಹೋದೊಡನೆ ಕಪಾಟಿನ ಬಾಗಿಲು ತೆರೆದು ನೋಡಿ. ಆಮೇಲೆ ಅದೇ ಗೋಡೆಯ ಹೊರಬದಿಗೂ ಒಮ್ಮೆ ಹೋಗಿ ಬನ್ನಿ.