ಹೆಸರಿಲ್ಲದ ಅವಸ್ಥೆಗಳಿಗೆ ಹೆಸರು

(ಪುತ್ತೂರಿನಲ್ಲಿ ಅಧ್ಯಾಪಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ವಕೀಲನಾದವನಿಗೆ ಮಾತನಾಡಲು ಅಪ್ಪಣೆಯನ್ನು ಕೊಟ್ಟು, ಎದುರಿನಲ್ಲಿ ಪ್ರತಿವಾದಿಯನ್ನು ನಿಲ್ಲಿಸದೆ ಇರುವುದು ಅಪಾಯದ ಕೆಲಸ. ತಾವು ಆ ಧೈರ್ಯವನ್ನು ಮಾಡಿದ್ದೀರಿ. ನಾನು ಆರಿಸಿಕೊಂಡ ವಿಷಯವನ್ನು ಕೇಳಿದಾಗ ತಮ್ಮ ಧೈರ್ಯವು ಇನ್ನಷ್ಟು ಪರೀಕ್ಷೆಗೆ ಒಳಗಾದೀತು. ದಿನನಿತ್ಯದ ಬಾಳಿನಲ್ಲಿ ನಾವು ಒಂದನ್ನೆಣಿಸಿದರೆ ಇನ್ನೊಂದಾಗುವ ಪ್ರಸಂಗಗಳುಂಟು. ಅವಕ್ಕೆ ನಗುವಿಗಾಗಿ ಹೊಸ ಪದಗಳನ್ನು ಕಟ್ಟುವ ಆಟದ ಕುರಿತಾಗಿ ನಾನು ಅರಿಕೆ ಮಾಡಿಕೊಳ್ಳಬೇಕೆಂದಿರುವೆನು. ಭಾಷೆಯ ವಿಷಯದಲ್ಲಿ ಮಾಡಬೇಕಾದ ಗಂಭೀರ ಕಾರ್ಯಗಳು ಎಷ್ಟೋ ಇರುವಾಗ ಇದೇನು ಹುಡುಗಾಟ ಎಂದು ಕೇಳುವವರಿಗೆ ಮೊದಲೇ ಉತ್ತರವನ್ನು ಕೊಟ್ಟುಬಿಡುತ್ತೇನೆ.

ಪುತ್ತೂರು, ಸುಳ್ಯ, ಕಡಬ ಈ ಮೂರು ಸೀಮೆಗಳಲ್ಲಿ ಮನೆಮಾತು ಒಂದೇ ಅಲ್ಲ. ಒಂದು ಮನೆಯಲ್ಲಿ ತುಳು, ನೆರೆಮನೆಯಲ್ಲಿ ಹವ್ಯಕ ಕನ್ನಡ, ಗುಡ್ಡದಾಚೆಗೆ ಅರೆಭಾಷೆ, ಪೇಟೆಯಲ್ಲಿ ಕೊಂಕಣಿ, ಬ್ಯಾರಿ, ಮಲೆಯಾಳ. ಕನ್ನಡವು ಇವರೆಲ್ಲರನ್ನೂ ಕೂಡಿಸುವ ಚಾವಡಿ. ಆದರೆ ಚಾವಡಿಯಲ್ಲಿ ಮಾತನಾಡುವಾಗ ನಾವೆಲ್ಲ ಸ್ವಲ್ಪ ಬೆನ್ನು ನೆಟ್ಟಗೆ ಮಾಡಿ ಕೂರುತ್ತೇವೆ. ನಾವು ಜಗಳವಾಡುವುದೂ ನಗುವುದೂ ಮನೆಮಾತಿನಲ್ಲಿ. ಕನ್ನಡದಲ್ಲಿ ಮಾಡುವುದೆಂದರೆ ಅರ್ಜಿಯನ್ನು ಬರೆಯುವುದು, ಸ್ವಾಗತ ಕೋರುವುದು, ವಂದನಾರ್ಪಣೆ ಮಾಡುವುದು. ತಮ್ಮ ಮುಂದೆ ಕುಳಿತ ಮಗುವಿಗೆ ಕನ್ನಡವು ಪರೀಕ್ಷೆಯ ವಿಷಯವಾಗಿ ಮಾತ್ರ ಪರಿಚಯವಾದರೆ, ಪರೀಕ್ಷೆ ಮುಗಿದ ಮರುದಿನ ಅದಕ್ಕೆ ಕನ್ನಡದಿಂದ ಬಿಡುಗಡೆಯಾಯಿತು. ಯಾವ ಭಾಷೆಯಲ್ಲಿ ನಾವು ತಮಾಷೆ ಮಾಡುವ ಸಲಿಗೆಯನ್ನು ಪಡೆದಿಲ್ಲವೋ ಆ ಭಾಷೆಯಲ್ಲಿ ನಾವು ಅತಿಥಿಗಳೇ ಸರಿ. ಆದಕಾರಣ ಈ ಹುಡುಗಾಟವು ನನ್ನ ಮಟ್ಟಿಗೆ ಹುಡುಗಾಟವಲ್ಲ.

ಈ ಸಲಿಗೆಯನ್ನು ಹೊರಗಿನಿಂದ ಬಂದವರೂ ಪಡೆಯಬಹುದೆಂಬುದಕ್ಕೆ ಒಂದು ಹೆಸರನ್ನು ಹೇಳಿದರೆ ಸಾಕು. ನಾ. ಕಸ್ತೂರಿಯವರು 1897ರಲ್ಲಿ ಕೇರಳದ ತೃಪ್ಪೂಣಿತ್ತುರದಲ್ಲಿ ಹುಟ್ಟಿದವರು. ಮೈಸೂರಿಗೆ ಚರಿತ್ರೆಯನ್ನು ಕಲಿಸಲು ಬಂದು ಕನ್ನಡವನ್ನು ಕಲಿತವರು. 1942ರಲ್ಲಿ ಡಾಕ್ಟರ್ ಎಂ. ಶಿವರಾಮರು, ಅಂದರೆ ನಮ್ಮೆಲ್ಲರ ‘ರಾಶಿ’ಯವರು, ಬೆಂಗಳೂರಿನಲ್ಲಿ ‘ಕೊರವಂಜಿ’ಯನ್ನು ಹೊರಡಿಸತೊಡಗಿದಾಗ ಕಸ್ತೂರಿಯವರು ಅದರ ಮುಖ್ಯ ಲೇಖಕರಲ್ಲೊಬ್ಬರಾದರು. ಅವರ ‘ಅನರ್ಥಕೋಶ’ವನ್ನು ತಾವು ಓದಿರಬಹುದು. ಎಲ್ಲರೂ ಬಲ್ಲ ಪದವನ್ನೇ ಹಿಡಿದು, ಒಡೆಯಬಾರದ ಜಾಗದಲ್ಲಿ ಒಡೆದು, ಬರಬಾರದ ಅರ್ಥವನ್ನು ಬರಿಸುವ ಕೋಶವದು. ನಮ್ಮ ಮಾತಿಗೆ ಸಂಧಿಯೆಂಬ ಹೊಲಿಗೆ ಇರುವುದರಿಂದಲೇ ಈ ಬಿಚ್ಚುವಿಕೆ ಸಾಧ್ಯ. ಅವರ ಪುಸ್ತಕದ್ದಲ್ಲ, ನನ್ನದೇ ಒಂದನ್ನು ಹೇಳುತ್ತೇನೆ: ‘ಸಮಯೋಚಿತ’. ಸಮಯಕ್ಕೆ ತಕ್ಕುದೆಂಬ ಅರ್ಥ ಪಂಡಿತರಿಗಿರಲಿ; ನಮ್ಮ ಸಮಯವನ್ನು ನಾವು ಉಚಿತವಾಗಿ ಕೊಟ್ಟು ಬರುವ ಕಚೇರಿಯ ಬೆಂಚಿಗೆ ಇದಕ್ಕಿಂತ ಒಳ್ಳೆಯ ಹೆಸರುಂಟೇ? ಸಂಧಿಯ ಪಾಠವನ್ನು ಹೀಗೆ ಆರಂಭಿಸಿದರೆ ಹುಡುಗರು ಆಕಳಿಸಲಾರರು.

ನಮ್ಮ ಊರಿನವರಿಗೆ ಇದು ಹೊಸ ವಿದ್ಯೆಯೂ ಅಲ್ಲ. ತಾಳಮದ್ದಳೆಯ ಅರ್ಥಧಾರಿಗೆ ಬರೆದುಕೊಟ್ಟ ಮಾತೆಂಬುದಿಲ್ಲ. ಎದುರಾಳಿಯ ಬಾಯಿಂದ ಬಿದ್ದ ಪದವನ್ನು ನೆಲಕ್ಕೆ ತಾಗುವ ಮೊದಲೇ ಹಿಡಿದು ಮಗುಚಿ ಎಸೆಯಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ತರ್ಕವನ್ನೂ ಕುಂಬಳೆ ಸುಂದರ ರಾಯರ ಪ್ರಾಸವನ್ನೂ ರಾತ್ರಿಯಿಡೀ ಕೇಳಿ, ಬೆಳಗ್ಗೆ ಅದನ್ನೇ ತೋಟದಲ್ಲಿ ಪುನಃ ಆಡಿಕೊಳ್ಳುತ್ತಿದ್ದ ಜನ ನಮ್ಮವರು. ಶಿವರಾಮ ಕಾರಂತರು ಇದೇ ಪುತ್ತೂರಿನಲ್ಲಿ ಕುಳಿತು, ಮಕ್ಕಳಿಗೆ ಲೋಕವನ್ನೆಲ್ಲ ಕನ್ನಡದಲ್ಲಿ ಹೇಳುವ ‘ಬಾಲಪ್ರಪಂಚ’ದ ಭಾರವನ್ನು ಹೊತ್ತರು. ಅದು ಇನ್ನೊಂದು ಜಾತಿಯ ಪದಸೃಷ್ಟಿ, ಅದರ ಮಾತು ಇನ್ನೊಂದು ದಿನಕ್ಕಿರಲಿ.

ಈಗ ನನ್ನ ಚಿಲ್ಲರೆ ಸರಕನ್ನು ಬಿಚ್ಚುತ್ತೇನೆ.

ಆಷಾಢದ ರಾತ್ರಿ ವಿದ್ಯುತ್ತು ಹೋಗುತ್ತದೆ. ಕತ್ತಲಲ್ಲಿ ತಡವಿ, ಮಣೆಯನ್ನು ಎಡವಿ, ಒದ್ದೆಯಾದ ಬೆಂಕಿಪೆಟ್ಟಿಗೆಯೊಡನೆ ಹೋರಾಡಿ ಚಿಮಿಣಿ ದೀಪವನ್ನು ಹಚ್ಚಿದ ಕ್ಷಣಕ್ಕೆ ಸರಿಯಾಗಿ ವಿದ್ಯುತ್ತು ಬರುತ್ತದೆ. ಆಗ ಆ ಪುಟ್ಟ ದೀಪವೂ ನಾವೂ ಒಬ್ಬರ ಮುಖವನ್ನೊಬ್ಬರು ನೋಡುವ ಅವಸ್ಥೆಗೆ ‘ದೀಪನಾಚಿಕೆ’ ಎಂದು ಹೆಸರಿಟ್ಟಿದ್ದೇನೆ. ಕೊಳೆರೋಗಕ್ಕೆ ಅಂಜಿ, ಆಳುಗಳ ಕಾಲಿಗೆ ಬಿದ್ದು, ಮೈಲುತುತ್ತು ಸುಣ್ಣಗಳನ್ನು ಕದಡಿ ಅಡಿಕೆಯ ಕೊನೆಗಳಿಗೆ ಮದ್ದು ಬಿಡಿಸಿ ಮುಗಿಸುವುದನ್ನೇ ಕಾದು ಸುರಿಯುವ ಮಳೆಯುಂಟಲ್ಲ, ಅದು ‘ಮದ್ದುಮಳೆ’. ಹಾಗೂ ಹೀಗೂ ಉಳಿದ ಅಡಿಕೆಯನ್ನು ಮಾರಿ ಮನೆಗೆ ಬಂದ ವಾರದಲ್ಲೇ ಮೇಲೇರುವ ಧಾರಣೆಗೆ ‘ಮಾರೇರು’. ಇದನ್ನು ಒಬ್ಬ ಬೆಳೆಗಾರರಿಗೆ ಹೇಳಿದಾಗ ಅವರು ನಗಲಿಲ್ಲ. “ಈ ವರ್ಷ ನನಗೆ ಎರಡು ಸಲ ಆಯಿತು” ಎಂದರು. ಪದವು ಗೆದ್ದಿತೆಂದು ನಾನು ತಿಳಿದುಕೊಂಡೆನು. ಯಾಕೆಂದರೆ ಅರ್ಥವನ್ನು ವಿವರಿಸಬೇಕಾದ ಹೊಸ ಪದವು ಹುಟ್ಟುವಾಗಲೇ ಸತ್ತಿರುತ್ತದೆ.

ಕೆಲವು ಪದಗಳನ್ನು ನಾವು ಕಟ್ಟಬೇಕಾಗಿಯೂ ಇಲ್ಲ, ಸರಕಾರವೇ ಕಟ್ಟಿಕೊಡುತ್ತದೆ. ಮದ್ರಾಸಿನವರು ಆಳುತ್ತಿದ್ದ ಕಾಲದಲ್ಲಿ ನಮ್ಮ ತಾಲೂಕಿನ ಹೆಸರು ಉಪ್ಪಿನಂಗಡಿ, ತಾಲೂಕು ಕಚೇರಿ ಇದ್ದದ್ದು ಪುತ್ತೂರಿನಲ್ಲಿ! ಇಂದಿನ ಮಾತಿಗೆ ಬಂದರೆ, ಮಂಗಳೂರು–ಹಾಸನ ಹಳಿಯ ಮೇಲೆ ನೆಟ್ಟಣದಲ್ಲಿರುವ ನಿಲ್ದಾಣಕ್ಕೆ ‘ಸುಬ್ರಹ್ಮಣ್ಯ ರೋಡ್’ ಎಂಬ ಹಲಗೆ. ದೂರದ ಭಕ್ತನು ಸುಬ್ರಹ್ಮಣ್ಯಕ್ಕೆ ಬಂದೆನೆಂದು ಕೈಮುಗಿದು ಇಳಿಯುತ್ತಾನೆ. ದೇವರು ಇನ್ನೂ ಹತ್ತು ಹನ್ನೆರಡು ಕಿಲೋಮೀಟರು ಆಚೆಗೆ. ರೈಲ್ವೆಯವರ ನಿಘಂಟಿನಲ್ಲಿ ‘ರೋಡ್’ ಎಂದರೆ ‘ಊರು ಇನ್ನೂ ಬಂದಿಲ್ಲ’ ಎಂದರ್ಥ. ಇದನ್ನು ನಾವು ಕ್ರಿಯಾಪದವನ್ನಾಗಿ ಏಕೆ ಮಾಡಿಕೊಳ್ಳಬಾರದು? ಮುಟ್ಟಿದೆನೆಂದು ಎಣಿಸಿ ಮುಟ್ಟದೆ ಉಳಿದವನು ‘ರೋಡಾದ’. ಮಂಜೂರಾಯಿತೆಂದು ಪತ್ರಿಕೆಯಲ್ಲಿ ಬಂದೂ ಕಟ್ಟದೆ ಉಳಿದ ಸೇತುವೆ ‘ರೋಡಾಯಿತು’.

ಈ ಆಟದಲ್ಲಿ ನಾನು ಒಮ್ಮೆ ಕೈಯನ್ನು ಸುಟ್ಟುಕೊಂಡದ್ದನ್ನೂ ಹೇಳಬೇಕು. ಇಲ್ಲವಾದರೆ ನನ್ನ ಸಾಕ್ಷ್ಯವು ಅಪೂರ್ಣವಾದೀತು.

ಕಡಬದ ಆಚೆಗಿನ ಇಬ್ಬರು ಅಣ್ಣತಮ್ಮಂದಿರು ತೋಡಿನ ನೀರಿನ ಪಾಲಿಗಾಗಿ ದಾವೆ ಹೂಡಿಕೊಂಡಿದ್ದರು. ಅವರ ಕಡೆಯಿಂದ ಕೋರ್ಟಿನ ಹೊತ್ತಿಗೆ ಪುತ್ತೂರಿಗೆ ಬರುವ ಬಸ್ಸು ಒಂದೇ. ವಾದಿಯೂ ಪ್ರತಿವಾದಿಯೂ ಅದರಲ್ಲೇ ಬರುವರು, ಒಂದೇ ಸೀಟಿನಲ್ಲಿ ಕೂರುವರು. ಒಂದು ವಾಯಿದೆಗೆ ಅಣ್ಣನು ಇಬ್ಬರ ಟಿಕೇಟನ್ನೂ ತೆಗೆದರೆ ಮುಂದಿನ ವಾಯಿದೆಗೆ ತಮ್ಮ. ಬಸ್ಸಿನಲ್ಲಿ ತೆಂಗಿನ ಮರದ ರೋಗ, ಮಗಳ ಮದುವೆ ಎಲ್ಲದರ ಮಾತೂ ನಡೆಯುವುದು. ಕೋರ್ಟಿನ ಮೆಟ್ಟಲನ್ನು ಹತ್ತಿದೊಡನೆ ಅಣ್ಣ ಒಂದು ಕಂಬಕ್ಕೆ, ತಮ್ಮ ಇನ್ನೊಂದು ಕಂಬಕ್ಕೆ. ನಾನು ಅದಕ್ಕೆ ‘ಬಸ್ಸುರಾಜಿ’ ಎಂದು ಹೆಸರಿಟ್ಟೆನು: ಇಳಿದ ಕ್ಷಣದಲ್ಲಿ ರದ್ದಾಗುವ ಒಪ್ಪಂದ. ಒಂದು ತುಂಡು ಇಂಗ್ಲಿಷು, ಒಂದು ತುಂಡು ಅರಬ್ಬೀ, ಆದರೂ ಅಪ್ಪಟ ಕನ್ನಡ. ವಕೀಲರ ಕೋಣೆಯಲ್ಲಿ ಎಲ್ಲರೂ ನಕ್ಕರು. ಪದವು ಗುಮಾಸ್ತರಿಗೆ, ಗುಮಾಸ್ತರಿಂದ ಹೋಟೆಲಿಗೆ, ಹೋಟೆಲಿನಿಂದ ಬಸ್ಸಿಗೆ ಹೋಯಿತು. ಕಂಡಕ್ಟರನು ಒಂದು ದಿನ ಅವರ ಮುಖದೆದುರಿಗೇ ಆಡಿದನಂತೆ. ಮುಂದಿನ ವಾಯಿದೆಗೆ ತಮ್ಮನು ಜೀಪಿನಲ್ಲಿ ಬಂದನು.

ಹೆಸರಿಲ್ಲದಿದ್ದಾಗ ಆ ಸ್ನೇಹವು ಯಾರ ಕಣ್ಣಿಗೂ ಬೀಳದೆ ಬದುಕಿತ್ತು. ನಾನು ಹೆಸರಿಟ್ಟೆನು, ಅದು ನಾಚಿಕೊಂಡಿತು.

ಆ ದಿನಗಳಲ್ಲಿ ನನಗೆ ಸುಳ್ಯದ ಒಂದು ಹಳೆಯ ಮಾತು ಬಾರಿ ಬಾರಿಗೂ ನೆನಪಾಗುತ್ತಿತ್ತು. 1834ರಲ್ಲಿ ಕೊಡಗನ್ನು ಕಂಪೆನಿಯವರು ನುಂಗಿದ ಮೇಲೆ ಅಮರಸುಳ್ಯ, ಪುತ್ತೂರು ಮಾಗಣೆಗಳು ಕೆನರಾಕ್ಕೆ ಸೇರಿದವು. ಧಾನ್ಯವಾಗಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ತರಬೇಕೆಂಬ ಕಟ್ಟಳೆ ಬಂದಿತು. 1837ರಲ್ಲಿ ರೈತರು ಎದ್ದರು. ಬೆಳ್ಳಾರೆಯ ಖಜಾನೆಯನ್ನು ಹಿಡಿದರು. ಮಂಗಳೂರಿಗೆ ನಡೆದು ಸುಮಾರು ಹದಿಮೂರು ದಿನ ಆ ಪಟ್ಟಣವನ್ನು ತಮ್ಮ ಕೈಯಲ್ಲಿಟ್ಟುಕೊಂಡರು. ಕೊನೆಗೆ ಮುಂದಾಳುಗಳಲ್ಲಿ ಕೆಲವರು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿದರು. ಇಷ್ಟಕ್ಕೆಲ್ಲ ಊರಿನ ಬಾಯಲ್ಲಿ ಉಳಿದ ಹೆಸರು ಯಾವುದು? ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿಯೆಂದರೆ ಕೊಳ್ಳೆ, ದೊಂಬಿ. ಕಿವಿಗೆ ಇಂಪಾದ ಪದ, ಎರಡೂ ಕಡೆ ‘ಕ’ಕಾರ, ಮಕ್ಕಳ ಬಾಯಲ್ಲಿ ಆಟವಾಡುವಂಥದು. ಅದನ್ನು ಆಡುತ್ತಾಡುತ್ತ ಸೋತವರ ಮೊಮ್ಮಕ್ಕಳೇ ತಮ್ಮ ಅಜ್ಜಂದಿರನ್ನು ಕೊಳ್ಳೆಗಾರರೆಂದು ನಂಬಿದರು. ಸುಬ್ರಹ್ಮಣ್ಯದ ಬಳಿಯ ಕುಳಕುಂದದಲ್ಲಿ ಹುಟ್ಟಿದ ನಿರಂಜನರು ತಮ್ಮ ಕಾದಂಬರಿಗೆ ‘ಕಲ್ಯಾಣಸ್ವಾಮಿ’ ಎಂದು ಹೆಸರಿಟ್ಟು ಆ ‘ಸ್ವಾಮಿ’ ಎಂಬುದನ್ನು ಅವನಿಗೆ ಹಿಂದಕ್ಕೆ ಕೊಟ್ಟರು. ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯು ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ. ಒಂದು ಪದವನ್ನು ಕಿತ್ತು ತೆಗೆಯುವುದಕ್ಕೆ ನೂರೆಂಬತ್ತು ವರ್ಷಗಳು ಮೀರಿದವು. ಈಗಲೂ ಹಳ್ಳಿಯ ಮುದುಕರ ಬಾಯಲ್ಲಿ ಅದೇ ಬರುತ್ತದೆ.

ಆದ್ದರಿಂದ ನಾನೊಂದು ಕಟ್ಟುಪಾಡನ್ನು ಮಾಡಿಕೊಂಡಿದ್ದೇನೆ. ಮಳೆಗೆ, ವಿದ್ಯುತ್ತಿಗೆ, ಧಾರಣೆಗೆ, ರೈಲ್ವೆಗೆ, ಸರಕಾರಕ್ಕೆ ಎಷ್ಟು ಬೇಕಾದರೂ ಹೆಸರಿಡಬಹುದು. ಅವುಗಳ ಚರ್ಮ ದಪ್ಪ. ನನಗೆ ನಾನೇ ಧಾರಾಳವಾಗಿ ಇಟ್ಟುಕೊಳ್ಳಬಹುದು. ಹತ್ತು ವರ್ಷಗಳ ದಾವೆಯಿಂದ ಹೊಟ್ಟೆ ಹೊರೆಯುವ ನನ್ನ ಬಾಳಿಗೆ ‘ವಾಯಿದಾಯುಷ್ಯ’ ಎಂದು ಹೆಸರಿಟ್ಟಿರುವೆನು, ತಾವೂ ಬಳಸಬಹುದು. ಹಿಂದಿರುಗಿ ಹೆಸರಿಡಲಾರದ ಮನುಷ್ಯನಿಗೆ ಮಾತ್ರ ಇಡಲಾರೆ. ತಮ್ಮ ತರಗತಿಗಳಲ್ಲಿ ಈ ಆಟವನ್ನು ಆಡಿಸುವುದಾದರೆ, ಕುಂಟುವ ಹುಡುಗನಿಗೂ ತೊದಲುವ ಹುಡುಗಿಗೂ ಹೆಸರು ಹುಟ್ಟದಂತೆ ನೋಡಿಕೊಳ್ಳಿರಿ. ಮೇಷ್ಟರಿಗೆ ಹುಟ್ಟಿದರೆ ಸಹಿಸಿಕೊಳ್ಳಿರಿ.

ಆ ಅಣ್ಣತಮ್ಮಂದಿರ ಸುದ್ದಿಯೊಂದು ಉಳಿದಿದೆ. ಕಳೆದ ಮಳೆಗಾಲದಲ್ಲಿ ಕೆಲಸದ ನಿಮಿತ್ತ ಕಡಬಕ್ಕೆ ಹೋಗಿದ್ದೆನು. ಹಿಂದಿರುಗುವಾಗ ಬಸ್ಸಿನಲ್ಲಿ ಅಣ್ಣನು ಮುಂದಿನ ಸೀಟಿನಲ್ಲಿದ್ದನು. ಜೀಪು ಸಿಕ್ಕದೆಯೋ ಏನೋ ತಮ್ಮನೂ ಅದೇ ಬಸ್ಸಿಗೆ ಹತ್ತಿ, ಅಣ್ಣನನ್ನು ದಾಟಿ ಹೋಗಿ ಕೊನೆಯ ಸಾಲಿನಲ್ಲಿ ಕುಳಿತನು. ಕಂಡಕ್ಟರನು ಬಂದಾಗ ಅಣ್ಣನು “ಪುತ್ತೂರು, ಎರಡು” ಎಂದನು. ಇನ್ನೊಂದು ಯಾರಿಗೆಂದು ಕೇಳಿದ್ದಕ್ಕೆ, ತಿರುಗಿ ನೋಡದೆ, ಹೆಬ್ಬೆರಳನ್ನು ಹೆಗಲ ಮೇಲಿನಿಂದ ಹಿಂದಕ್ಕೆ ತೋರಿಸಿದನು. ನಾನು ಕಿಟಿಕಿಯ ಹೊರಗೆ ನೋಡುತ್ತ ಕುಳಿತೆನು.